ಕರಿಕೋಟಿನ ಓಲ್ಡ್ ಮ್ಯಾನ್

ಡಿಸೆಂಬರ್ ಬಂತೆಂದರೆ ನಮ್ಮ ಆರ್.ಟಿ. ನಗರದ ಮುಖ್ಯರಸ್ತೆಯಲ್ಲಿ ಹುಲ್ಲು ಮಾರುತ್ತಾರೆ. ನಗಬೇಡಿ, ನಿಜವಾಗಿಯೂ ಮಾರುತ್ತಾರೆ. ಹಸು ಕಟ್ಟಿದ ಮನೆ ದುರ್ಬೀನು ಹಾಕಿ ಹುಡುಕಿದರೂ ಸಿಗದ ಬೀದಿಯಲ್ಲಿ, ಫ್ಯಾನ್ಸಿ ಸ್ಟೋರಿನ ಮುಂದೆ, ಕಾಗದದ ನಕ್ಷತ್ರಗಳ ಕೆಳಗೆ, ಪ್ಲಾಸ್ಟಿಕ್ ಚೀಲದಲ್ಲಿ ಒತ್ತಿ ತುಂಬಿದ ಒಣಹುಲ್ಲು. ಕ್ರಿಸ್‌ಮಸ್ಸಿಗೆ ಮನೆಯಲ್ಲಿ ಕೊಟ್ಟಿಗೆಯ ಬೊಂಬೆ ಜೋಡಿಸಿ ಗೋದಲಿ ಮಾಡುವವರು ಕೊಳ್ಳುತ್ತಾರೆ. ಮೊನ್ನೆ ಆ ಚೀಲಗಳು ಕಣ್ಣಿಗೆ ಬಿದ್ದದ್ದೇ ತಡ, ನಾನು ರಸ್ತೆ ದಾಟಿ ಆಚೆ ಬದಿಗೆ ಹೋಗಿಬಿಟ್ಟೆ. ಆ ರಸ್ತೆ ದಾಟುವುದೆಂದರೆ ಏನೆಂದು ದಾಟಿದವರಿಗೇ ಗೊತ್ತು. ಬಸ್ಸಿಗಿಂತ ಹುಲ್ಲಿಗೆ ಹೆಚ್ಚು ಹೆದರುವವಳು ಎಂಥ ಹೆಂಗಸಿರಬೇಕು ಎಂದು ನೀವು ಕೇಳಿದರೆ ತಪ್ಪಿಲ್ಲ. ಅದನ್ನು ಹೇಳುವುದಕ್ಕೇ ಕೂತಿದ್ದೇನೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಗ್ರಹಣವೆಂದರೆ ನೆರಳು, ದೆವ್ವವೆಂದರೆ ಮನಸ್ಸಿನ ಭ್ರಮೆ, ಬೆಕ್ಕು ಅಡ್ಡ ಬಂತೆಂದರೆ ಬೆಕ್ಕಿಗೆ ಆ ಕಡೆ ಏನೋ ಕೆಲಸವಿದೆ ಎಂದು ಬೋರ್ಡಿನ ಮುಂದೆ ನಿಂತು ಗಟ್ಟಿಯಾಗಿ ಹೇಳುತ್ತೇನೆ. ಸಂಜೆ ಮನೆಗೆ ಬರುವಾಗ ಬೆಕ್ಕು ಅಡ್ಡ ಬಂದರೆ ಮಾತ್ರ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುತ್ತ ನಿಲ್ಲುತ್ತೇನೆ, ಯಾರಾದರೂ ಮುಂದೆ ಹೋಗಲಿ ಎಂದು. ವಿಜ್ಞಾನವೆಲ್ಲ ನನ್ನ ತಲೆಯಲ್ಲಿದೆ. ಹೊಟ್ಟೆಯಲ್ಲಿ ಇನ್ನೂ ಅಮ್ಮನೇ ಇದ್ದಾಳೆ.

ಅಮ್ಮನ ಭಯಗಳು ಒಂದೆರಡಲ್ಲ. ನಾವು ಯಶವಂತಪುರದ ರೈಲ್ವೆ ಕ್ವಾರ್ಟರ್ಸಿನಲ್ಲಿ ಇದ್ದೆವು. ದೀಪ ಹಚ್ಚಿದ ಮೇಲೆ ಉಗುರು ಕತ್ತರಿಸುವಂತಿಲ್ಲ, ಪಕ್ಕದ ಮನೆಯವರು ಸೂಜಿ ಕೇಳಿದರೆ ಕೊಡುವಂತಿಲ್ಲ. ಮಂಗಳವಾರ ಕೂದಲು ಬೇಡ, ಶನಿವಾರ ಎಣ್ಣೆ ಬೇಡ. ಗೂಡ್ಸ್ ಗಾಡಿ ಹಾದುಹೋಗುವಾಗ ಪಾತ್ರೆಗಳು ಗಲಗಲ ಎಂದರೂ ಅವಳಿಗೆ ಅದರಲ್ಲೊಂದು ಶಕುನ. ಆದರೆ ಬಟ್ಟೆಯ ವಿಷಯಕ್ಕೆ ಬಂದರೆ ಅವಳ ಕಾಯಿದೆಗಳು ರೈಲ್ವೆಯ ಕಾಯಿದೆಗಳಿಗಿಂತ ಕಟ್ಟುನಿಟ್ಟು. ಮೈಮೇಲಿರುವ ಬಟ್ಟೆಗೆ ಹೊಲಿಗೆ ಹಾಕಬಾರದು. ಒಗೆದ ಬಟ್ಟೆ ಕತ್ತಲಾದ ಮೇಲೆ ತಂತಿಯ ಮೇಲೆ ಇರಬಾರದು. ಹಳೆ ಬಟ್ಟೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುವ ಹೆಂಗಸು ಬಂದಾಗಲಂತೂ ಅಮ್ಮ ಗಂಟು ಬಿಚ್ಚಿ ಕೂತು ಒಂದೊಂದು ಬಟ್ಟೆಯಿಂದಲೂ ಒಂದೊಂದು ಎಳೆ ದಾರ ಕಿತ್ತು ಪಕ್ಕಕ್ಕೆ ಇಟ್ಟುಕೊಳ್ಳುತ್ತಿದ್ದಳು. ಪಾತ್ರೆಯವಳಿಗೂ ಅದು ಗೊತ್ತು. ಎಲೆ ಅಡಿಕೆ ಹಾಕಿಕೊಂಡು ಸುಮ್ಮನೆ ಕಾಯುತ್ತಿದ್ದಳು.

"ತೊಟ್ಟೋರ ಆಯಸ್ಸು ಬಟ್ಟೇಲಿ ಅಂಟ್ಕೊಂಡಿರುತ್ತೆ ಕಣೇ," ಎನ್ನುತ್ತಿದ್ದಳು ಅಮ್ಮ. "ಒಂದೆಳೆ ನಮ್ಮತ್ರ ಇಟ್ಕೊಂಡ್ರೆ ಅದು ಬೇರೆಯೋರ ಹಿಂದೆ ಹೋಗಲ್ಲ."

ಕಿತ್ತ ದಾರಗಳನ್ನು ತುಳಸಿಯ ಬುಡಕ್ಕೆ ಹಾಕುತ್ತಿದ್ದಳು. ಒಲೆಗೆ ಯಾಕೆ ಹಾಕಬಾರದು ಎಂದು ನಾನೊಮ್ಮೆ ಕೇಳಿದ್ದಕ್ಕೆ ಬಾಯಿಯ ಮೇಲೆ ಪಟ್ಟೆಂದು ಒಂದು ಕೊಟ್ಟಳು. "ಬಟ್ಟೆ ಸುಡೋದು ಒಂದೇ ಒಂದ್ಸಲ," ಎಂದಳು. ಆ ಒಂದು ಸಲ ಯಾವುದೆಂದು ಹೇಳಲಿಲ್ಲ. ನನಗದು ಗೊತ್ತಾದದ್ದು ಬಹಳ ವರ್ಷಗಳ ನಂತರ, ಅವಳು ಹೋದಾಗ, ಅವಳು ಕಡೆಯ ದಿನ ಉಟ್ಟಿದ್ದ ನೀಲಿ ಸೀರೆಯನ್ನು ಅಪ್ಪ ಎರಡೂ ಕೈಯಲ್ಲಿ ಹಿಡಿದುಕೊಂಡು ಸುಡಲೆಂದು ಮನೆಯಿಂದ ಆಚೆ ಹೋದಾಗ.

ಅಪ್ಪನದು ಇದಕ್ಕೆಲ್ಲ ತದ್ವಿರುದ್ಧ ಸ್ವಭಾವ. ಅವರು ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡುವವರು. ಕರಿ ಕೋಟು ಹಾಕಿಕೊಂಡು ಹೊರಟರೆಂದರೆ ಕ್ವಾರ್ಟರ್ಸಿನ ನಾಯಿಗಳೂ ಎದ್ದು ದಾರಿ ಬಿಡುತ್ತಿದ್ದವು. ಓಡುವ ಗಾಡಿಯಲ್ಲಿ ಒಂದು ಡಬ್ಬಿಯಿಂದ ಇನ್ನೊಂದಕ್ಕೆ ದಾಟುತ್ತಿದ್ದರು, ಕುಡಿದು ಗಲಾಟೆ ಮಾಡುವವರನ್ನು ಕೊರಳಪಟ್ಟಿ ಹಿಡಿದು ಇಳಿಸುತ್ತಿದ್ದರು. ಬೇರೆಯವರ ಪಾಸಿನಲ್ಲಿ ಪ್ರಯಾಣ ಮಾಡುವವರನ್ನು ಹಿಡಿಯುವುದರಲ್ಲಿ ಅವರದು ಎತ್ತಿದ ಕೈ. "ಹೆಸರು ಎಲ್ರೂ ಸರಿಯಾಗೇ ಹೇಳ್ತಾರೆ ಪುಟ್ಟಿ," ಎಂದು ಊಟಕ್ಕೆ ಕೂತಾಗ ಹೇಳುತ್ತಿದ್ದರು. "ಹೇಳೋಕ್ ಮುಂಚೆ ಒಂದ್ ಉಸಿರು ಜಾಸ್ತಿ ತೊಗೋತಾರೆ. ಅಷ್ಟ್ ಸಾಕು ನಂಗೆ." ಅಮ್ಮ ದಾರ ಕೀಳುವುದನ್ನು ಕಂಡು ನಗುತ್ತಿದ್ದವರೂ ಅವರೇ. ನಮ್ಮ ಮನೆಯ ಹೆದರಿಕೆಯನ್ನೆಲ್ಲ ಅಮ್ಮನೇ ಗುತ್ತಿಗೆ ಹಿಡಿದಿದ್ದರಿಂದ ಅಪ್ಪನ ಪಾಲಿಗೆ ಏನೂ ಉಳಿದಿರಲಿಲ್ಲ ಎಂದೇ ನಾನು ತಿಳಿದಿದ್ದೆ.

ಇನ್ನು ಹೋದ ವರ್ಷದ ವಿಷಯಕ್ಕೆ ಬರುತ್ತೇನೆ.

ಹೋದ ವರ್ಷ ಕಾರ್ತಿಕದ ಚಳಿಗೆ ಅಪ್ಪನ ಎದೆ ಕಟ್ಟಿತು. ಎಂಬತ್ತು ದಾಟಿದ ಎದೆ. ಆಸ್ಪತ್ರೆಯಲ್ಲಿ ದಿನಗಟ್ಟಲೆ ಮಲಗಿದ್ದು, ಮೈಯೆಲ್ಲ ಇಳಿದು, ನಮ್ಮ ಮನೆಗೆ ಬಂದರು. "ಚಳಿಗಾಲ ಒಂದು ದಾಟ್ಲಿ ನೋಡೋಣ," ಎಂದರು ಡಾಕ್ಟರು. ದಾಟದಿದ್ದರೆ ಏನು ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಅಂದಿನಿಂದ ಬೆಳಗ್ಗೆ ಎದ್ದ ಕೂಡಲೇ ನನ್ನ ಮೊದಲ ಕೆಲಸ ಅಪ್ಪನ ಕೋಣೆಯ ಬಾಗಿಲಲ್ಲಿ ನಿಂತು ಕಂಬಳಿಯನ್ನು ನೋಡುವುದು. ಕಂಬಳಿ ಏಳಬೇಕು, ಇಳಿಯಬೇಕು. ಏಳುವುದು ಸ್ವಲ್ಪ ತಡವಾದರೆ ನನ್ನ ಉಸಿರೂ ಅಲ್ಲೇ ನಿಲ್ಲುತ್ತಿತ್ತು. ಎದ್ದಿತು ಎಂದಮೇಲೆ ಹಾಲಿಡಲು ಹೋಗುತ್ತಿದ್ದೆ. ಒಂದು ದಿನ ಹಾಗೆ ನಿಂತಿದ್ದಾಗ ಅಪ್ಪ ಕಣ್ಣು ಮುಚ್ಚಿಕೊಂಡೇ, "ಇದ್ದೀನಿ, ಹೋಗಿ ಕಾಫಿ ಮಾಡು," ಎಂದರು. ನಾನು ನಕ್ಕೆ. ಅಡಿಗೆಮನೆಗೆ ಹೋಗಿ ಗೋಡೆಗೆ ಒರಗಿ ನಿಂತುಕೊಂಡೆ.

ಇಂಥ ಹೊತ್ತಿನಲ್ಲಿ ನನ್ನ ಮಗಳು ಸಿಂಚನಾ, ಕಾಲೇಜಿನ ಕಡೆಯ ವರ್ಷದಲ್ಲಿರುವವಳು, ವರ್ಷದ ಕೊನೆಯ ಪಾರ್ಟಿ ನಮ್ಮ ಮನೆಯಲ್ಲೇ ಎಂದು ಘೋಷಿಸಿದಳು.

"ತಾತ ಎಲ್ಲೂ ಹೋಗಕ್ಕಾಗಲ್ಲ ಅಲ್ವಾ ಅಮ್ಮ? ಅದಕ್ಕೇ ಪಾರ್ಟೀನೇ ತಾತನ ಹತ್ರ ತರೋಣ. ರೋಡಲ್ಲಿರೋ ಎಲ್ರೂ ಬರ್ಲಿ. ಫುಲ್ ಡೆಕೋರೇಶನ್!"

"ಇದು ಶೂನ್ಯಮಾಸ ಕಣೇ," ಎಂದೆ. ಧನುರ್ಮಾಸದಲ್ಲಿ ದೇವರ ಪೂಜೆಯೊಂದು ಬಿಟ್ಟು ಇನ್ಯಾವ ಸಂಭ್ರಮವನ್ನೂ ಅಮ್ಮ ಮನೆಯ ಹೊಸಿಲು ದಾಟಿಸುತ್ತಿರಲಿಲ್ಲ.

"ಅಮ್ಮ, ಪ್ಲೀಸ್. ನೀನು ಸೈನ್ಸ್ ಟೀಚರ್."

ನಮ್ಮವರು ಪೇಪರಿನ ಹಿಂದೆ ಮುಗುಳ್ನಕ್ಕರು. ಅಪ್ಪ, "ಆಗ್ಲಿ ಬಿಡು, ಮನೆ ಸ್ವಲ್ಪ ಬೆಳಕಾಗಿರ್ಲಿ," ಎಂದರು. ಪಾರ್ಟಿ ನಿಶ್ಚಯವಾಯಿತು.

ಮನೆ ಸಿಂಗರಿಸುವ ಕೆಲಸ ಹೆದರುವವರಿಗೆ ಹೇಳಿದ್ದಲ್ಲ. ಸೀರಿಯಲ್ ಸೆಟ್ಟಿನ ವೈರು ನೋಡಿದರೆ ಅದರ ಸಿಪ್ಪೆ ಎಲ್ಲಿ ಬಿಟ್ಟಿದೆ ಎಂದು ನನ್ನ ಕಣ್ಣು ಹುಡುಕುತ್ತದೆ. ಮಗಳು ಸ್ಟೂಲಿನ ಮೇಲೆ ಸ್ಟೂಲು ಇಟ್ಟು ನಕ್ಷತ್ರ ಕಟ್ಟುವಾಗ ನಾನು ಕೆಳಗೆ ಎರಡೂ ಕೈ ಚಾಚಿ ನಿಂತಿದ್ದೆ, ಬಿದ್ದರೆ ಹಿಡಿಯುತ್ತೇನೋ ಎಂಬಂತೆ. ಅವಳ ತೂಕಕ್ಕೆ ಇಬ್ಬರೂ ಆಸ್ಪತ್ರೆ ಸೇರುತ್ತಿದ್ದೆವು. ಬೇಕರಿಯ ಪ್ಲಮ್ ಕೇಕಿನಲ್ಲಿ ರಮ್ ಇರುತ್ತದಂತೆ, ಅಪ್ಪನ ಮಾತ್ರೆಗೆ ಅದು ಆಗುತ್ತದೋ ಇಲ್ಲವೋ ಎಂದು ಬೇಕರಿಯವನನ್ನು ಅಡ್ಡಸವಾಲು ಹಾಕಿ ಕೇಳಿದೆ. ಅವನು, "ಮೇಡಂ, ಈ ರೇಟಿಗೆ ರಮ್ ಎಲ್ಲಿಂದ ಹಾಕ್ಲಿ?" ಎಂದ. ಹೀಗೆ ಒಂದೊಂದು ಭಯವನ್ನೂ ದಾಟಿಕೊಂಡು, ಬಾಗಿಲಿಗೆ ತೋರಣ, ಕಿಟಕಿಗೆ ದೀಪದ ಸರ, ತುಳಸಿ ಕಟ್ಟೆಯ ಪಕ್ಕದಲ್ಲಿ ಒಂದು ಕ್ರಿಸ್‌ಮಸ್ ಗಿಡ ಎಂದು ಮನೆ ಒಂದು ರೂಪಕ್ಕೆ ಬರುತ್ತಿತ್ತು.

ಆಗ ಬಂದಳು ಫಿಲೋಮಿನಾ. ನಮ್ಮ ಮಹಡಿಯ ಮನೆಯಲ್ಲಿ ಬಾಡಿಗೆಗಿರುವ ಹುಡುಗಿ, ಲಿಂಗರಾಜಪುರದ ಕಡೆಯಿಂದ ಮದುವೆಯಾಗಿ ಬಂದವಳು. ಸಿಂಗಾರವನ್ನೆಲ್ಲ ನೋಡಿ, "ಎಲ್ಲಾ ಸೂಪರ್ ಅಕ್ಕಾ. ಓಲ್ಡ್ ಮ್ಯಾನ್ ಎಲ್ಲಿ?" ಎಂದಳು.

"ಒಳಗೆ ಮಲಗಿದ್ದಾರೆ," ಎಂದೆ ನಾನು.

ಅವಳು ಬಿದ್ದು ಬಿದ್ದು ನಕ್ಕಳು. "ಅಯ್ಯೋ, ತಾತ ಅಲ್ಲ ಅಕ್ಕಾ! ನಮ್ ಕಡೆ ಪ್ರತಿ ರೋಡಲ್ಲೂ ಕೂರಿಸ್ತಾರೆ. ಹೋಗೋ ವರ್ಷ ಅಂದ್ರೆ ಒಬ್ಬ ಮುದುಕ. ಹುಲ್ಲು ತುಂಬಿ, ಪ್ಯಾಂಟು ಶರ್ಟು ಹಾಕಿ, ಮನೆ ಮುಂದೆ ಕುರ್ಚಿ ಮೇಲೆ ಕೂರಿಸೋದು. ಮೂವತ್ತೊಂದಕ್ಕೆ ಸುಟ್ಬಿಡೋದು. ವರ್ಷದ ಕಷ್ಟ ಎಲ್ಲಾ ಅವನ ಜೊತೇಗೇ ಹೋಗ್ಬಿಡುತ್ತೆ."

ಮುದುಕ, ಸುಟ್ಬಿಡೋದು ಎಂಬ ಎರಡು ಮಾತು ಒಂದೇ ಉಸಿರಿನಲ್ಲಿ ಬಂದವು. ಅಪ್ಪನಿಗೆ ಕೇಳಿಸಿತೇನೋ ಎಂದು ನಾನು ಅವರ ಕೋಣೆಯ ಕಡೆ ತಿರುಗಿದೆ. ಬಾಗಿಲು ತೆರೆದೇ ಇತ್ತು. ಒಳಗಿನಿಂದ ಸದ್ದಿಲ್ಲ. ಸಿಂಚನಾ ಆಗಲೇ ಕುಣಿಯುತ್ತಿದ್ದಳು. ಮಧ್ಯರಾತ್ರಿ ತನಕ ತಾತ ಎದ್ದಿರಲಾರರಾದ್ದರಿಂದ ಸಂಜೆಯೇ ಸುಡುವುದು, ಪಕ್ಕದ ಖಾಲಿ ಸೈಟಿನಲ್ಲಿ, ಆಮೇಲೆ ಎಲ್ಲರಿಗೂ ನಮ್ಮಲ್ಲಿ ಊಟ ಎಂದೆಲ್ಲ ನಿಂತಲ್ಲೇ ತೀರ್ಮಾನವಾಯಿತು. ಹೆದರಿದವರ ಮೇಲೆ ಹಾವು ಎಸೆದರು ಎನ್ನುತ್ತಾರಲ್ಲ, ಹಾಗಾಯಿತು ನನ್ನ ಪಾಡು.

ಊಟಕ್ಕೆ ಏನು ಎಂಬುದರಲ್ಲಿ ಮಾತ್ರ ಚರ್ಚೆಯಿರಲಿಲ್ಲ. ಡಿಸೆಂಬರಿನಲ್ಲಿ ಬೆಂಗಳೂರಿನವರು ನೆಂಟರನ್ನು ಕರೆದು ಹಿತಕಿದ ಬೇಳೆ ಸಾರು ಹಾಕದಿದ್ದರೆ ಕರೆದೂ ಕರೆಯದ ಹಾಗೆ. ಒಳ್ಳೆಯ ಸೊಗಡಿನ ಅವರೆಕಾಯಿ ಬೇಕೆಂದು ನಾನು ಯಶವಂತಪುರದ ಮಾರುಕಟ್ಟೆಗೇ ಹೋದೆ. ಬರುವಾಗ ಮೇಖ್ರಿ ಸರ್ಕಲ್ಲಿನಲ್ಲಿ ಸಿಕ್ಕಿಹಾಕಿಕೊಂಡು ಮನೆ ಮುಟ್ಟುವ ಹೊತ್ತಿಗೆ ಸಂಜೆಯಾಗಿ ಮಬ್ಬು ಕವಿದಿತ್ತು. ಆಟೋದಿಂದ ಇಳಿದು ಗೇಟು ತೆಗೆದೆ.

ವರಾಂಡದಲ್ಲಿ ಅಪ್ಪ ಕೂತಿದ್ದರು. ಕರಿ ಕೋಟು ಹಾಕಿಕೊಂಡಿದ್ದರು. ಕೈ ಎರಡೂ ಕುರ್ಚಿಯ ತೋಳಿನ ಮೇಲಿದ್ದವು, ತಲೆ ಎದೆಯ ಮೇಲೆ ಬಾಗಿತ್ತು.

ಈ ಚಳಿಯಲ್ಲಿ ಯಾರು ಹೊರಗೆ ಕೂರಿಸಿದರು ಎಂದು ಮೊದಲು ಸಿಟ್ಟು ಬಂತು. "ಅಪ್ಪಾ," ಎಂದೆ. ತಲೆ ಏಳಲಿಲ್ಲ. "ಅಪ್ಪಾ, ಒಳಗೆ ನಡೀರಿ." ಕಂಬಳಿಯಂತೆ ಎದ್ದು ಇಳಿಯಬೇಕಾದ ಆ ಕೋಟಿನ ಎದೆ ಏಳುತ್ತಿರಲಿಲ್ಲ. ನಾನು ಕಾದೆ. ಏಳಲಿಲ್ಲ. ಹೋಗಿ ಭುಜ ಮುಟ್ಟಿದೆ. ಭುಜ ಕುಸಿಯಿತು, ತಲೆ ವಾಲಿ ನನ್ನ ಕೈಮೇಲೆ ಬಿತ್ತು, ಕೊರಳಿನಿಂದ ಹುಲ್ಲು ಉದುರಿತು.

ಅವರೆಕಾಯಿಯ ಚೀಲ ಎಲ್ಲಿ ಬಿತ್ತೋ ನನಗೆ ಗೊತ್ತಿಲ್ಲ. ನಾನು ಕಿರುಚಿದ್ದು ಮೂರನೆಯ ಕ್ರಾಸಿನವರೆಗೆ ಕೇಳಿಸಿತಂತೆ. ಒಳಗಿನಿಂದ ಕೆಮ್ಮಿನ ಸದ್ದು ಬಂತು, ಅದರ ಹಿಂದೆಯೇ ನಿಜವಾದ ಅಪ್ಪನ ದನಿ. "ಯಾರದು? ಪುಟ್ಟೀನಾ?"

ಆ ಕೆಮ್ಮು ಕೇಳಿ ನಾನು ವರಾಂಡದ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಸುತ್ತ ಅವರೆಕಾಯಿ ಚೆಲ್ಲಾಡಿತ್ತು. ಪಕ್ಕದ ಖಾಲಿ ಸೈಟಿನ ಯಜಮಾನ ಮುನಿರಾಜಣ್ಣ ಓಡಿ ಬಂದು ಅವುಗಳನ್ನು ಆರಿಸತೊಡಗಿದ. ಈ ಬಡಾವಣೆಯೆಲ್ಲ ಅವನ ತಾತನ ಹೊಲವಾಗಿತ್ತು. ಈಗ ಮೂರು ಕಟ್ಟಡಗಳ ಬಾಡಿಗೆ ಬರುತ್ತದೆ, ಆದರೂ ಮನೆಯ ಹಿಂದೆ ಒಂದು ಹಸು ಕಟ್ಟಿದ್ದಾನೆ. ನಾನು ದುರ್ಬೀನು ಹಾಕಿದರೂ ಸಿಗದು ಎಂದೆನಲ್ಲ, ನಮ್ಮ ಬೀದಿಗೆ ಅದೊಂದೇ. ಹುಲ್ಲು ಕೊಟ್ಟವನು ಅವನೇ, ಕಟ್ಟಿದವನೂ ಅವನೇ.

"ಎದರ್ಕಂಡ್ರಾ ಅಕ್ಕಾ?" ಎಂದ ಹೆಮ್ಮೆಯಿಂದ. "ಮಕ್ಕಳು ಎಂಗೆಂಗೋ ಕಟ್ಟಿದ್ರು. ಇಂಗಲ್ಲ ಕಣಮ್ಮಾ ಅಂತ ನಾನೇ ಬಿಚ್ಚಿ ಕಟ್ಟಿದೆ. ಒಲದಲ್ಲಿ ಎಷ್ಟು ಬೆರ್ಚಪ್ಪ ಕಟ್ಟಿಲ್ಲ ನಾವು! ನೋಡಿ, ತೇಟ್ ಯಜಮಾನ್ರೇ ಕುಂತಂಗೈತೆ."

ಅದೇ ನನ್ನ ಸಂಕಟ. ತೇಟ್ ಯಜಮಾನರೇ ಕೂತ ಹಾಗಿತ್ತು. ಅಪ್ಪನ ಸಾಮಾನು ನಮ್ಮ ಮನೆಗೆ ಬಂದಾಗ ಆ ಕೋಟನ್ನು ನಾನೇ ಮಡಿಸಿ ಅಟ್ಟದ ಮೇಲೆ ಇಟ್ಟಿದ್ದೆ. ಅಷ್ಟು ವರ್ಷ ತೊಟ್ಟ ಬಟ್ಟೆ. ಮೊಣಕೈ ಮಡಚಿದ ಜಾಗ, ಜೇಬಿಗೆ ಕೈ ಹಾಕಿ ಹಾಕಿ ಜೋತ ಬಾಯಿ, ಎಲ್ಲವೂ ಅಪ್ಪನದೇ. ಅದರೊಳಗೆ ಹುಲ್ಲು ತುಂಬಿದರೂ ಅದು ಅಪ್ಪನ ಹಾಗೆ ಕೂರುವುದನ್ನು ಮರೆತಿರಲಿಲ್ಲ.

ಸಿಂಚನಾಳನ್ನು ಅಡಿಗೆಮನೆಗೆ ಎಳೆದುಕೊಂಡು ಹೋಗಿ, "ಆ ಕೋಟು ಯಾಕೆ ತೆಗೆದೆ?" ಎಂದೆ.

"ತಾತನ್ನ ಕೇಳ್ದೆ. ಓಕೆ ಅಂದ್ರು."

"ಸುಡೋದು ಅಂತ ಹೇಳಿದ್ಯಾ?"

"ಅಮ್ಮ, ಅದು ಹಳೇ ಬಟ್ಟೆ. ನೀನು ಯಾಕೆ ಹಿಂಗಾಡ್ತಿದ್ಯ?"

ಹೇಳಿರಲಾರಳು ಎಂದುಕೊಂಡೆ. ಏನೋ ಬೊಂಬೆ ಕೂರಿಸುತ್ತಾರೆ ಎಂದುಕೊಂಡು ಅಪ್ಪ ಹೂಂ ಎಂದಿರಬೇಕು. ಬದುಕಿರುವ ಮನುಷ್ಯನ ಬಟ್ಟೆಯನ್ನು, ಅದೂ ಈ ಚಳಿಗಾಲದಲ್ಲಿ, ಶೂನ್ಯಮಾಸದಲ್ಲಿ, ಅವನ ರೂಪವನ್ನೇ ಮಾಡಿ ಬೆಂಕಿಗೆ ಇಡುವುದು! ತಲೆ ಇದೆಲ್ಲ ಸುಳ್ಳು ಎನ್ನುತ್ತಿತ್ತು. ಹೊಟ್ಟೆಯಲ್ಲಿ ಅಮ್ಮ ಕುಟ್ಟುತ್ತಿದ್ದಳು. ಡಾಕ್ಟರು ದಾಟಬೇಕೆಂದ ಚಳಿಗಾಲದ ನಟ್ಟನಡುವೆ ನಾವೇ ಅಪ್ಪನನ್ನು ಹೊರಗೆ ಕೂರಿಸಿ ಮುಹೂರ್ತ ಇಟ್ಟಂತೆ ನನಗೆ ಕಾಣುತ್ತಿತ್ತು.

ಕೋಟನ್ನು ಬದಲಾಯಿಸಿಬಿಡುವುದೆಂದು ನಿರ್ಧರಿಸಿದೆ. ಮರುದಿನ ಎಲ್ಲರೂ ಹೊರಗೆ ಹೋದಾಗ ಬೀರುವಿನ ಮುಂದೆ ನಿಂತೆ. ನಮ್ಮವರ ಹಳೆ ಶರ್ಟೊಂದು ಕೈಗೆ ಬಂತು. ತಟ್ಟನೆ ಹಿಂದಕ್ಕೆ ಇಟ್ಟೆ. ಅಪ್ಪನನ್ನು ಉಳಿಸಲು ಗಂಡನನ್ನು ಸುಡುವುದೆ? ನನ್ನ ಸ್ವೆಟರ್ ತೆಗೆದೆ. ಇದೇನು ಸಹಗಮನವೇ ಎನಿಸಿ ಅದನ್ನೂ ಇಟ್ಟೆ. ಮಗಳ ಬಟ್ಟೆಯ ಕಡೆ ಕೈಯೇ ಹೋಗಲಿಲ್ಲ. ಬಂದಾಗ ಹಾಕಿಕೊಳ್ಳಲೆಂದು ನನ್ನ ತಮ್ಮ ಬಿಟ್ಟುಹೋದ ಪೈಜಾಮ ಇತ್ತು. ಅವನ ಎರಡು ಮಕ್ಕಳ ಮುಖ ಕಣ್ಣ ಮುಂದೆ ಬಂತು. ನೋಡಿ, ಒಂದು ಮನೆಯ ತುಂಬ ಬಟ್ಟೆಯಿದ್ದರೂ ಯಾರದ್ದೂ ಅಲ್ಲದ ಬಟ್ಟೆ ಒಂದೂ ಇರುವುದಿಲ್ಲ. ಕಡೆಗೆ ಫುಟ್‌ಪಾತಿನಲ್ಲಿ ಹೊಸದೊಂದು ಜಾಕೆಟ್ ತರೋಣವೆಂದು ಹೋದೆ. ಅಂಗಡಿಯ ಹುಡುಗಿ, "ಸೈಜ್ ಯಾರಿಗೆ ಮೇಡಂ? ಹಾಕೋರು ಹೆಂಗಿದ್ದಾರೆ?" ಎಂದಳು. ನಾನು ಹಾಗೇ ವಾಪಸು ಬಂದೆ.

ಮುಂದಿನ ಮೂರು ನಾಲ್ಕು ದಿನ ಅವನು ವರಾಂಡದಲ್ಲಿ ಕೂತೇ ಇದ್ದ. ಹಾಲಿನವನು ಅವನಿಗೆ ನಮಸ್ಕಾರ ಹೇಳಿ ಆಮೇಲೆ ನಾಚಿಕೊಂಡ. ಬೀದಿಯವರು ಬಂದು ಅವನ ಜೊತೆ ಫೋಟೋ ತೆಗೆಸಿಕೊಂಡರು. ಬೆಳಗ್ಗೆ ನಾನು ಕಂಬಳಿ ನೋಡುವ ಮೊದಲು ಕಿಟಕಿಯಿಂದ ಅವನನ್ನು ನೋಡುವ ಅಭ್ಯಾಸವಾಯಿತು. ಒಂದು ದಿನ ಅಪ್ಪನ ಕೆಮ್ಮು ಜಾಸ್ತಿಯಾದಾಗ, ಹೊರಗೆ ಅವನ ತಲೆ ಇನ್ನಷ್ಟು ಬಾಗಿದ್ದು ಕಂಡಿತು. ಇಬ್ಬನಿಗೆ ಹುಲ್ಲು ನೆಂದು ಬಾಗಿದೆ ಎಂದು ಏಳನೆಯ ತರಗತಿಯ ಮಗುವೂ ಹೇಳೀತು. ನಾನು ಓಡಿಹೋಗಿ ಅದರ ತಲೆಯನ್ನು ನೆಟ್ಟಗೆ ನಿಲ್ಲಿಸಿ ಕೊರಳಿಗೆ ಕಡ್ಡಿ ಸಿಕ್ಕಿಸಿ ಬಂದೆ. ಆ ಸಂಜೆ ಅಪ್ಪನ ಕೆಮ್ಮು ಕಡಿಮೆಯಾಯಿತು. ಸಿರಪ್ಪಿನಿಂದ ಎಂದು ನಮ್ಮವರು ಹೇಳಿದರು. ನಾನು ಕಡ್ಡಿ ಗಟ್ಟಿಯಾಗಿದೆಯೇ ಎಂದು ಮತ್ತೊಮ್ಮೆ ನೋಡಿ ಬಂದೆ.

ಕಡೆಯ ದಿನ ಬಂತು. ಬೆಳಗ್ಗೆಯಿಂದ ಬೀದಿಯ ಹೆಂಗಸರೆಲ್ಲ ನಮ್ಮ ನಡುಮನೆಯಲ್ಲಿ ಕೂತು ನೆನೆದ ಅವರೆಕಾಳು ಹಿತುಕಿದರು. ಕಾಳು ಚಿಮ್ಮಿ ಫಿಲೋಮಿನಾಳ ಮೂಗಿಗೆ ಹೊಡೆಯಿತು, ನಗೆ ಸೂರಿಗೆ ಮುಟ್ಟಿತು. ಅಪ್ಪ ದಿಂಬಿಗೆ ಒರಗಿ ಕೂತು ತಂಬೋಲ ಆಟಕ್ಕೆ ನಂಬರು ಕೂಗಿದರು. ಸ್ಟೇಷನ್ನಿನಲ್ಲಿ ಗಾಡಿಯ ಹೆಸರು ಕೂಗುವ ಗತ್ತಿನಲ್ಲೇ ಕೂಗಿದರು. ನಾನು ಸಾರಿಗೆ ಮಸಾಲೆ ರುಬ್ಬುತ್ತ ಗಡಿಯಾರ ನೋಡುತ್ತಿದ್ದೆ. ಮನೆಯಲ್ಲಿ ಅಷ್ಟು ಜನರ ನಗೆ ತುಂಬಿದ್ದಾಗ ಒಬ್ಬಳೇ ಹೆದರಿಕೊಂಡಿರುವುದು ಬಹಳ ಒಂಟಿತನದ ಕೆಲಸ.

ಕತ್ತಲಾಗುವ ಹೊತ್ತಿಗೆ ಎಲ್ಲರೂ ಕಟ್ಟಿಗೆ ಜೋಡಿಸಲೆಂದು ಪಕ್ಕದ ಸೈಟಿಗೆ ಹೋದರು. ನನಗೆ ಉಳಿದದ್ದು ಒಂದೇ ದಾರಿ. ವರಾಂಡಕ್ಕೆ ಹೋಗಿ, ಅವನ ಮುಂದೆ ಮಂಡಿಯೂರಿ, ಕೋಟಿನ ಅಂಚು ಹುಡುಕಿ ಹಲ್ಲಿನಿಂದ ಒಂದು ಎಳೆ ದಾರ ಕಿತ್ತೆ. ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳಬೇಕು, ಅಷ್ಟರಲ್ಲಿ ಪಕ್ಕದ ಕಿಟಕಿಯಿಂದ ದನಿ ಬಂತು.

"ಪುಟ್ಟಿ, ಏನ್ ಕಿತ್ತೆ?"

ಅಪ್ಪ ಸರಳು ಹಿಡಿದು ನಿಂತಿದ್ದರು. ನಾನು ದಾರ ತೋರಿಸಿದೆ. ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. "ಅಪ್ಪ, ಇದನ್ನ ಈಗ ಸುಡ್ತಾರೆ. ನಿಮಗೆ ಗೊತ್ತಿಲ್ಲ..." ಎಂದೆ.

"ಗೊತ್ತಿದ್ದೇ ಕೊಟ್ಟಿದ್ದು. ಸಿಂಚು ಹಳೇ ಶರ್ಟ್ ಸಾಕು ಅಂದ್ಲು. ನಾನೇ ಕೋಟ್ ತೊಗೋ ಅಂದೆ." ದನಿ ತಗ್ಗಿಸಿ ಹೇಳಿದರು. "ಆಸ್ಪತ್ರೇಲಿ ನನ್ ಪಕ್ಕದ ಮಂಚದೋನು ಹೋದ್ನಲ್ಲ, ಅವತ್ತು ನಂಗೆ ಎಚ್ಚರ ಇತ್ತು. ಕಣ್ ಮುಚ್ಕೊಂಡು ನಿದ್ದೆ ಬಂದೋನ್ ಥರ ಮಲಗಿದ್ದೆ. ಟಿಕೆಟ್ ಇಲ್ದೋರು ಹಂಗೇ ಮಾಡೋದು ಪುಟ್ಟಿ. ಎಷ್ಟ್ ಜನಾನ ತಟ್ಟಿ ಎಬ್ಬಿಸಿದ್ದೀನಿ ನಾನು."

ನಾನು ದಾರ ಹಿಡಿದುಕೊಂಡೇ ಕಿಟಕಿಯ ಹತ್ತಿರ ಸರಿದೆ.

"ಆ ಹುಡುಗಿ ಹೇಳಿದ್ದು ಕೇಳಿಸ್ತು ನಂಗೆ. ಹೋಗೋನು ಒಬ್ಬ ಮುದುಕ, ಅಷ್ಟೇ ತಾನೆ? ಕರ್ಕೊಂಡ್ ಹೋಗೋನು ಹುಡುಕ್ಕೊಂಡು ಬಂದ್ರೆ ಬಾಗಿಲಲ್ಲೇ ಒಬ್ಬ ಕೂತಿರ್ಲಿ ಅಂದ್ಕೊಂಡೆ. ಕೋಟು ನಂದೇ. ಇವನೇ ಅಂತ ಕರ್ಕೊಂಡ್ ಹೋಗ್ಲಿ. ಆ ದಾರ ಅಲ್ಲೇ ಇಡು ಪುಟ್ಟಿ. ದಾರ ಕಿತ್ರೆ ಯಾರಿಗೋ ಕೊಟ್ಟ ಬಟ್ಟೆ ಅಂತ ಗೊತ್ತಾಗ್ಬಿಡುತ್ತೆ. ನಾನಾಗಿದ್ರೆ ಹಿಡೀತಿದ್ದೆ."

ನಗುತ್ತಲೇ ಹೇಳಿದರು. ಆದರೆ ಹೇಳಿದ ಮೇಲೆ ಸರಳಿಗೆ ಮುಖ ಒತ್ತಿ ಗೇಟಿನ ಕಡೆ ಒಮ್ಮೆ ಇಣುಕಿ ನೋಡಿದರು.

"ನಿಮಗೆ ಹೆದರಿಕೇನಾ ಅಪ್ಪ?"

"ಮತ್ತೆ? ನಿಮ್ಮಮ್ಮ ಒಬ್ಳಿಗೇ ಅಂದ್ಕೊಂಡಿದ್ಯಾ?"

ಅವರನ್ನು ಆ ತನಕ ನಾನು ಸರಿಯಾಗಿ ನೋಡಿಯೇ ಇರಲಿಲ್ಲ ಎನಿಸಿತು. ಪ್ರತಿ ಬೆಳಗ್ಗೆ ನಾನು ಕಂಬಳಿ ನೋಡುತ್ತಿದ್ದಾಗ ಅದರ ಒಳಗೆ ಅವರೂ ಅದನ್ನೇ ನೋಡಿಕೊಳ್ಳುತ್ತಿದ್ದರು. ನನಗೆ ಅಳು ಬಂತು, ಅವರೆದುರು ಅಳಬಾರದೆಂದು ಎದ್ದು ಒಳಗೆ ಹೋದೆ. ಹೋದವಳು ಅವರ ಬೂದು ಮಫ್ಲರು ಹಿಡಿದುಕೊಂಡೇ ಹೊರಗೆ ಬಂದೆ. ದಾರವನ್ನು ಕೋಟಿನ ಒಳಜೇಬಿನಲ್ಲಿ ಆಳಕ್ಕೆ ತುರುಕಿದೆ. ಮಫ್ಲರನ್ನು ಅಪ್ಪ ಸುತ್ತಿಕೊಳ್ಳುವ ಹಾಗೇ, ಗಂಟು ಎಡಗಡೆಗೆ ಬರುವಂತೆ ಅವನಿಗೆ ಸುತ್ತಿದೆ. ಕಡ್ಡಿ ತೆಗೆದು ತಲೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿದೆ. ಎಡ ಭುಜ ಒಂದಿಷ್ಟು ತಗ್ಗಿಸಿದೆ. ಕಿಟಕಿಯಿಂದ ಅಪ್ಪ, "ಹೂಂ, ಈಗ ಸರಿಹೋಯ್ತು," ಎಂದರು. ಯಾರಿಗೂ ಅನುಮಾನ ಬರಬಾರದಲ್ಲ.

ಮುನಿರಾಜಣ್ಣ ಬಂದು ಅವನನ್ನು ಮಗುವಿನ ಹಾಗೆ ಎತ್ತಿಕೊಂಡು ಸೈಟಿಗೆ ಹೋದ. ಬಕೆಟ್ಟುಗಳಲ್ಲಿ ನೀರು ಇಟ್ಟಿದ್ದರು. ಫಿಲೋಮಿನಾ ಕಣ್ಣು ಮುಚ್ಚಿ ಏನೋ ಪ್ರಾರ್ಥಿಸಿದಳು. ಸಿಂಚನಾ ಕಡ್ಡಿ ಗೀರಿದಳು. ಹುಲ್ಲು ಭಗ್ಗೆಂದಿತು. ಎಲ್ಲರೂ ಹ್ಯಾಪಿ ನ್ಯೂ ಇಯರ್ ಎಂದು ಕೂಗಿದರು. ಕೋಟು ಮಾತ್ರ ಬೇಗ ಹತ್ತಲಿಲ್ಲ. ಗಟ್ಟಿ ಬಟ್ಟೆ. ಬೆಂಕಿಯ ನಡುವೆ ತುಂಬ ಹೊತ್ತು ಕರ್ರಗೆ ಕೂತೇ ಇತ್ತು. ಹೋಗು, ಹೋಗಪ್ಪಾ ಎಂದು ನನ್ನ ಮನಸ್ಸು ಅಂಗಲಾಚುತ್ತಿತ್ತು. ಆಮೇಲೆ ಬೆನ್ನಿನಿಂದ ಒಮ್ಮೆಗೇ ಹತ್ತಿಕೊಂಡು, ಶಾಖಕ್ಕೆ ಒಂದು ತೋಳು ಮೇಲೆದ್ದು, ಎಲ್ಲ ಕುಸಿಯಿತು. ಜನ ಚಪ್ಪಾಳೆ ತಟ್ಟುತ್ತಿದ್ದರು. ನಾನು ಮನೆಯ ಕಡೆ ಓಡಿದೆ.

ಮನೆ ಕತ್ತಲಾಗಿತ್ತು. ನಕ್ಷತ್ರ ಆರಿತ್ತು, ಕಿಟಕಿಯ ದೀಪದ ಸರ ಆರಿತ್ತು, ವರಾಂಡದ ಬಲ್ಬೂ ಆರಿತ್ತು. ಕರೆಂಟು ಹೋಗಿದೆಯೆಂದರೆ ಎದುರುಮನೆಯಲ್ಲಿ ದೀಪವಿದೆ. ಕಿಟಕಿಯಲ್ಲಿ ಅಪ್ಪ ಇರಲಿಲ್ಲ. ಬಾಗಿಲು ತಳ್ಳಿ ಒಳಗೆ ಕಾಲಿಟ್ಟೆ.

ಬಾಗಿಲ ಹಿಂದಿನ ಸಂದಿಯಿಂದ ಒಂದು ಕೈ ಬಂದು ನನ್ನ ತೋಳು ಹಿಡಿಯಿತು. ಬೆಚ್ಚಗಿನ ಕೈ. ಅಪ್ಪ ಗೋಡೆಗೆ ಅಂಟಿಕೊಂಡು ನಿಂತಿದ್ದರು. ದೀಪಗಳನ್ನೆಲ್ಲ ಆರಿಸಿದವರು ಅವರೇ. ಒಳಗೆ ಯಾರೂ ಇಲ್ಲವೆಂದು ಕಾಣಲಿ ಎಂದು.

"ಕರ್ಕೊಂಡ್ ಹೋದ್ನಾ?" ಎಂದರು ಪಿಸುದನಿಯಲ್ಲಿ.

"ಹೋದ ಅಪ್ಪ."

"ತಿರುಗಿ ನೋಡಿದ್ನಾ?"

"ಇಲ್ಲ. ನೋಡ್ಲಿಲ್ಲ."

ಅವರು ಹಿಡಿದಿಟ್ಟುಕೊಂಡಿದ್ದ ಉಸಿರು ಬಿಟ್ಟರು. ಕತ್ತಲಲ್ಲಿ ನನಗದು ಚೆನ್ನಾಗಿ ಕೇಳಿಸಿತು. ನಾನೂ ಬಿಟ್ಟೆ.

"ಚಿಲಕ ಹಾಕು," ಎಂದರು ಅಪ್ಪ.

ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಇಡೀ ಬೀದಿ ನಗುತ್ತ, ಮಾತಾಡುತ್ತ ಊಟಕ್ಕೆಂದು ನಮ್ಮ ಗೇಟಿನ ಕಡೆ ಬರುತ್ತಿತ್ತು. ನಾನು ಚಿಲಕ ಹಾಕಿದೆ.